ಕೇಸ್ ಶೀಟಿನಲ್ಲಿ ಬರೆಯದ ಪೆಟ್ಟು

ಆಸ್ಪತ್ರೆಯ ಗಾಜು ಒಡೆದರೆ ಮರುದಿನ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಡ್ಯೂಟಿ ಡಾಕ್ಟರ ಕೆನ್ನೆಗೆ ಏಟು ಬಿದ್ದರೆ ಠಾಣೆಯಲ್ಲಿ ಎಫ್‌ಐಆರ್ ಆಗುತ್ತದೆ, ಸಂಘದವರು ಕಪ್ಪುಪಟ್ಟಿ ಕಟ್ಟಿಕೊಳ್ಳುತ್ತಾರೆ, ಒಂದು ದಿನ ಒಪಿಡಿ ಬಂದ್ ಆಗುತ್ತದೆ. ಆದರೆ, ‘ನಿನ್ನ ಹೆಸರೇನು ಹೇಳು, ನಾಳೆಯಿಂದ ಈ ಊರಲ್ಲಿ ಹೇಗೆ ಕೆಲಸ ಮಾಡ್ತೀಯೋ ನೋಡ್ತೀನಿ’ ಎಂದು ಯಾರೋ ಸಿಸ್ಟರ್ ಒಬ್ಬರಿಗೆ ಬೆರಳು ತೋರಿಸಿ ಹೋದ ರಾತ್ರಿ ಏನೂ ಆಗುವುದಿಲ್ಲ. ಆ ಸಿಸ್ಟರ್ ಉಳಿದ ಡ್ರಿಪ್‌ಗಳನ್ನು ಬದಲಿಸುತ್ತಾರೆ, ಆರು ಗಂಟೆಯ ಇಂಜೆಕ್ಷನ್ ಕೊಡುತ್ತಾರೆ, ಬೆಳಿಗ್ಗೆ ಮುಂದಿನ ಪಾಳಿಯವರಿಗೆ ರೋಗಿಗಳ ವಿವರ ಒಪ್ಪಿಸಿ ಬಸ್ಸು ಹತ್ತುತ್ತಾರೆ. ಒಪ್ಪಿಸಿದ ಪುಸ್ತಕದಲ್ಲಿ ಜ್ವರ, ಬಿಪಿ, ಮೂತ್ರದ ಪ್ರಮಾಣ ಎಲ್ಲಕ್ಕೂ ಜಾಗವಿದೆ. ಬೆದರಿಕೆಗೆ ಇಲ್ಲ.

ಹೀಗೆ ಲೆಕ್ಕಕ್ಕೆ ಸಿಗದೆ ಹೋಗುವುದೇ ಹೆಚ್ಚು ಎಂಬುದು ಗೊತ್ತಾಗಿ ಎರಡು ದಶಕದ ಮೇಲಾಯಿತು. 2002ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದಾದಿಯರ ಮಂಡಳಿಯವರು ಇತರರ ಜೊತೆಗೂಡಿ ಹಲವು ದೇಶಗಳಲ್ಲಿ ಮಾಡಿಸಿದ ಅಧ್ಯಯನಗಳು ಹೊರಬಂದವು. ಥಾಯ್ಲೆಂಡ್‌ನಲ್ಲಿ ಹಿಂದಿನ ಒಂದು ವರ್ಷದಲ್ಲಿ ಮೈಮೇಲೆ ಹಲ್ಲೆ ಕಂಡವರು ಶೇ 10.5, ಬೈಗುಳ ತಿಂದವರು ಶೇ 47.7. ಬ್ರೆಜಿಲ್‌ನಲ್ಲಿ ಹಲ್ಲೆ ಶೇ 6.4, ಬೈಗುಳ ಶೇ 39.5. ದೇಶ ಬದಲಾದರೂ ಅನುಪಾತದ ಗುಣ ಬದಲಾಗಲಿಲ್ಲ: ಒಂದು ಏಟಿನ ಹಿಂದೆ ಹಲವು ಮಾತುಗಳು. ಆ ಅಧ್ಯಯನಗಳು ನಿಂದನೆ, ಬೆದರಿಕೆ, ಒಬ್ಬರನ್ನು ಗುರಿಮಾಡಿ ಮತ್ತೆಮತ್ತೆ ಹೀಗಳೆಯುವುದು, ಲೈಂಗಿಕ ಮತ್ತು ಜನಾಂಗೀಯ ಕಿರುಕುಳ ಎಲ್ಲವನ್ನೂ ಮಾನಸಿಕ ಹಿಂಸೆ ಎಂಬ ಒಂದೇ ತಲೆಬರಹದಡಿ ತಂದವು. ಅದಕ್ಕಿಂತ ಮುಖ್ಯವಾಗಿ, ಇದು ‘ಕೆಲಸದ ಭಾಗ’ ಅಲ್ಲ ಎಂದು ಬಾಯಿಬಿಟ್ಟು ಹೇಳಿದವು. ನಮ್ಮ ಆಸ್ಪತ್ರೆಗಳ ಕಾರಿಡಾರುಗಳಲ್ಲಿ ಇವತ್ತಿಗೂ ಕೇಳಿಬರುವುದು ಇದರ ಉಲ್ಟಾ ಮಾತು: ‘ಇದೆಲ್ಲ ಇದ್ದದ್ದೇ ಬಿಡಮ್ಮ, ಹೊಂದ್ಕೊಂಡು ಹೋಗ್ಬೇಕು.’

ಮೊದಲು ಹೊರಗಿನಿಂದ ಬರುವ ಹಿಂಸೆಯನ್ನು ನೋಡೋಣ. ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ರಾತ್ರಿ ಇರುವವರು ಒಬ್ಬ ವೈದ್ಯ, ಒಬ್ಬಿಬ್ಬರು ನರ್ಸ್, ಒಬ್ಬ ಡಿ ಗ್ರೂಪ್ ನೌಕರ. ಬೈಕ್ ಅಪಘಾತದ ಗಾಯಾಳುವಿನ ಹಿಂದೆ ಹತ್ತು ಜನ ನುಗ್ಗುತ್ತಾರೆ. ಸ್ಕ್ಯಾನಿಂಗ್ ಯಂತ್ರ ಇಲ್ಲ, ನರತಜ್ಞರಿಲ್ಲ, ಜಿಲ್ಲಾಸ್ಪತ್ರೆಗೆ ಒಯ್ಯಿರಿ ಎಂದು ಚೀಟಿ ಬರೆಯಬೇಕು. ಆ ಚೀಟಿ ಬರೆಯುವ ಕೈಯೇ ಬಂದವರ ಕಣ್ಣಿಗೆ ಸರ್ಕಾರ, ವ್ಯವಸ್ಥೆ, ವಿಧಿ ಎಲ್ಲವೂ. ಯಂತ್ರ ಮಂಜೂರು ಮಾಡದವರು ಬೆಂಗಳೂರಿನಲ್ಲಿ ನಿದ್ದೆ ಮಾಡುತ್ತಿರುತ್ತಾರೆ. ಖಾಸಗಿ ಆಸ್ಪತ್ರೆಯಲ್ಲೂ ಕಥೆ ಬೇರೆಯಲ್ಲ. ಬಿಲ್ಲಿನ ದರ ನಿಗದಿ ಮಾಡಿದವರು ಯಾರೂ ಕೌಂಟರಿನಲ್ಲಿ ಕೂರುವುದಿಲ್ಲ. ಕೂರುವುದು ಸಂಬಳಕ್ಕಿರುವ ಹುಡುಗಿ. ವಾರ್ಡಿನಲ್ಲಿ ನಿಲ್ಲುವವರು ಅವಳಿಗಿಂತ ತುಸು ಹೆಚ್ಚು ಸಂಬಳದ ನರ್ಸ್. ಸಿಟ್ಟು ಯಾವತ್ತೂ ಹತ್ತಿರ ಸಿಕ್ಕವರ ಮೇಲೆಯೇ ಬೀಳುತ್ತದೆ.

ಸಿಟ್ಟು ಪೂರ್ತಿ ಅನ್ಯಾಯದ್ದು ಎಂದು ನಾನು ಹೇಳಲಾರೆ. ಮನೆಯ ಒಡವೆ ಅಡವಿಟ್ಟು ಬಂದವರಿಗೆ ಐಸಿಯು ಬಾಗಿಲಲ್ಲಿ ಮೂರು ದಿನ ಯಾರೂ ಮಾತಾಡಿಸದೆ ನಾಲ್ಕನೆಯ ದಿನ ‘ಹೋದರು’ ಎಂದಾಗ ಏನಾಗಬಹುದೋ ಅದೇ ಆಗುತ್ತದೆ. ಕೆಟ್ಟ ಸುದ್ದಿಯನ್ನು ಹೇಗೆ ಹೇಳಬೇಕು ಎಂಬುದನ್ನು ನಮ್ಮ ವೈದ್ಯಕೀಯ ಶಿಕ್ಷಣ ಬಹುಕಾಲ ಪಾಠವೆಂದು ಪರಿಗಣಿಸಲೇ ಇಲ್ಲ. ಆ ಹೊಣೆ ಹಿರಿಯ ವೈದ್ಯರಿಂದ ಕಿರಿಯರಿಗೆ, ಕಿರಿಯರಿಂದ ರಾತ್ರಿ ಪಾಳಿಯ ನರ್ಸಿಗೆ ಜಾರುತ್ತ ಬರುತ್ತದೆ. ಶವ ಬಿಡಲು ಬಿಲ್ ಕಟ್ಟಿ ಎನ್ನುವ ಪದ್ಧತಿಯನ್ನು ನಿಲ್ಲಿಸಲು 2017ರಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿಯನ್ನೇ ತರಬೇಕಾಯಿತು ಎಂದ ಮೇಲೆ ಜನರ ಅಪನಂಬಿಕೆಗೆ ಕಾರಣ ಹುಡುಕಬೇಕಿಲ್ಲ. ಆದರೆ ಅಪನಂಬಿಕೆಯ ಲೆಕ್ಕ ಚುಕ್ತಾ ಆಗುವುದು ತಪ್ಪಾದ ವಿಳಾಸದಲ್ಲಿ.

ಇದಕ್ಕೆ ಉದಾಹರಣೆಯಾಗಿ ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಯ ಪ್ರಕರಣ ನೆನಪಾಗುತ್ತದೆ. 2019ರ ಜುಲೈನಲ್ಲಿ ಅಲ್ಲಿ ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಹಲವರು ದೃಷ್ಟಿ ಕಳೆದುಕೊಂಡರು. ನ್ಯಾಯ ಕೇಳಬೇಕಾದ ವಿಷಯವೇ. ನವೆಂಬರ್ ಆರಂಭದಲ್ಲಿ ಸಂಘಟನೆಯೊಂದರ ಕಾರ್ಯಕರ್ತರು ಆಸ್ಪತ್ರೆಗೆ ನುಗ್ಗಿದಾಗ ಅವರ ಕೈಗೆ ಸಿಕ್ಕಿದ್ದು ಕರ್ತವ್ಯದಲ್ಲಿದ್ದ ಕಿರಿಯ ವೈದ್ಯರು. ಕಿರಿಯ ವೈದ್ಯೆಯೊಬ್ಬರ ಮೇಲೆ ಹಲ್ಲೆಯಾಯಿತೆಂದು, ಭಾಷೆಯ ನೆಪದಲ್ಲಿ ಅವಮಾನಿಸಿದರೆಂದು ಆರೋಪಿಸಿ ವೈದ್ಯರು ದಿನಗಟ್ಟಲೆ ಮುಷ್ಕರ ಹೂಡಿದರು. ರಾಜ್ಯದ ಒಪಿಡಿಗಳಿಗೂ ಅದರ ಬಿಸಿ ತಟ್ಟಿತು. ಆವತ್ತಿನ ಆಯುಧಗಳಲ್ಲಿ ಮೊಬೈಲ್ ಕ್ಯಾಮೆರಾವೂ ಒಂದು. ಈಗ ಅದು ಎಲ್ಲೆಡೆ ಮಾಮೂಲಾಗಿದೆ. ಹೊಡೆಯುವುದೇನೂ ಬೇಡ; ಮುಖದ ಮುಂದೆ ಫೋನ್ ಹಿಡಿದು ‘ಲೈವ್ ಇದೀವಿ, ಹೇಳಿ ಡಾಕ್ಟ್ರೇ’ ಎಂದರೆ ಸಾಕು. ಆ ವಿಡಿಯೊ ಊರಿನ ವಾಟ್ಸ್‌ಆ್ಯಪ್ ಗುಂಪುಗಳನ್ನೆಲ್ಲ ಸುತ್ತಿ ಮುಗಿಯುವುದರೊಳಗೆ ಆ ಡಾಕ್ಟರ್ ವರ್ಗಾವಣೆಗೆ ಅರ್ಜಿ ಬರೆದಿರುತ್ತಾರೆ.

ಬೆದರಿಕೆಯೊಂದೇ ಜೀವ ತೆಗೆಯಬಲ್ಲದೆ? ರಾಜಸ್ಥಾನದ ದೌಸಾ ಜಿಲ್ಲೆಯ ಲಾಲ್‌ಸೋಟ್‌ನಲ್ಲಿ 2022ರ ಮಾರ್ಚ್‌ನಲ್ಲಿ ಆದದ್ದು ಅದೇ. ಹೆರಿಗೆಯ ನಂತರದ ರಕ್ತಸ್ರಾವದಿಂದ ಬಾಣಂತಿಯೊಬ್ಬರು ತೀರಿಕೊಂಡರು. ಇದು ಎಷ್ಟೇ ಎಚ್ಚರದ ನಡುವೆಯೂ ಆಗಬಹುದಾದ ಅವಘಡ ಎಂಬುದು ಪ್ರಸೂತಿ ವಿಭಾಗದವರೆಲ್ಲರಿಗೂ ಗೊತ್ತು. ಶವವಿಟ್ಟು ಪ್ರತಿಭಟನೆ ನಡೆಯಿತು. ಪೊಲೀಸರು ವೈದ್ಯೆ ಡಾ. ಅರ್ಚನಾ ಶರ್ಮಾ ಅವರ ಮೇಲೆ ಕೊಲೆ ಪ್ರಕರಣವನ್ನೇ ದಾಖಲಿಸಿದರು. ವೈದ್ಯರ ಮೇಲೆ ನಿರ್ಲಕ್ಷ್ಯದ ಕ್ರಿಮಿನಲ್ ಮೊಕದ್ದಮೆ ಹೂಡುವ ಮುನ್ನ ಸ್ವತಂತ್ರ ವೈದ್ಯಕೀಯ ಅಭಿಪ್ರಾಯ ಪಡೆಯಬೇಕೆಂದು ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 2005ರಲ್ಲಿ. ಹದಿನೇಳು ವರ್ಷದ ಮೇಲೆ ಆ ಠಾಣೆಗೆ ಅದು ತಲುಪಿರಲಿಲ್ಲ. ಮರುದಿನ ಅರ್ಚನಾ ಪ್ರಾಣ ಕಳೆದುಕೊಂಡರು. ಅವರ ಮೇಲೆ ಯಾರೂ ಕೈಮಾಡಿರಲಿಲ್ಲ.

ಇಷ್ಟು ಹೊರಗಿನವರ ಮಾತಾಯಿತು. ಇದರ ಬಗ್ಗೆ ವೈದ್ಯರ ಸಂಘಗಳು ಗಟ್ಟಿಯಾಗಿ ಮಾತಾಡುತ್ತವೆ, ಮಾತಾಡಬೇಕು ಕೂಡ. ಅದೇ ಸಂಘಗಳ ದನಿ ಇಳಿಯುವುದು ಒಳಗಿನ ಹಿಂಸೆಯ ವಿಷಯ ಬಂದಾಗ. ನನ್ನ ಮಟ್ಟಿಗೆ ಹೆಚ್ಚು ಆಳದ ಗಾಯ ಇದೇ. ಸಂಬಂಧಿಕರ ಕೂಗಾಟಕ್ಕೆ ವಾರ್ಡಿಗೆ ವಾರ್ಡೇ ಸಾಕ್ಷಿಯಿರುತ್ತದೆ, ಜೊತೆಯವರು ಅಡ್ಡ ಬರುತ್ತಾರೆ, ಕೂಗಿದವರು ಡಿಸ್ಚಾರ್ಜ್ ಆಗಿ ಹೋಗುತ್ತಾರೆ. ಮೇಲಿನವರ ಹಿಂಸೆ ಡಿಸ್ಚಾರ್ಜ್ ಆಗುವುದಿಲ್ಲ. ಮರುದಿನವೂ ಅದೇ ರೌಂಡ್ಸ್, ಅದೇ ಮುಖ.

ಬೆಳಗಿನ ರೌಂಡ್ಸ್ ನೋಡಿದವರಿಗೆ ಇದು ಅರ್ಥವಾಗುತ್ತದೆ. ಮುಂದೆ ವಿಭಾಗದ ಮುಖ್ಯಸ್ಥರು, ಅವರ ಹಿಂದೆ ಸಹಾಯಕ ಪ್ರಾಧ್ಯಾಪಕರು, ಆಮೇಲೆ ಸೀನಿಯರ್ ಪಿಜಿ, ಜೂನಿಯರ್ ಪಿಜಿ, ಹೌಸ್ ಸರ್ಜನ್. ಪಕ್ಕದಲ್ಲಿ ಫೈಲು ಹಿಡಿದ ಸಿಸ್ಟರ್. ರಕ್ತಪರೀಕ್ಷೆಯ ವರದಿ ಬಂದಿಲ್ಲ. ಬೈಗುಳ ಮೇಲಿನಿಂದ ಹೊರಟು ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ‘ಯಾವ ಕಾಲೇಜಲ್ಲಿ ಓದಿದ್ದು ನೀನು? ಸೀಟು ದುಡ್ಡು ಕೊಟ್ಟು ತಗೊಂಡ್ಯಾ?’ ಅಥವಾ ಅದಕ್ಕಿಂತ ಕೆಟ್ಟದ್ದು, ‘ಕೋಟಾದಲ್ಲಿ ಬಂದೋರ ಹಣೆಬರಹವೇ ಇಷ್ಟು.’ ಇದೆಲ್ಲ ಇಪ್ಪತ್ತು ಹಾಸಿಗೆಯ ರೋಗಿಗಳು, ಅವರ ಮನೆಯವರು ಕೇಳುತ್ತಿರುವಾಗಲೇ. ಪಿಜಿ ವಿದ್ಯಾರ್ಥಿಯ ಪ್ರಬಂಧಕ್ಕೆ ಸಹಿ ಹಾಕಬೇಕಾದವರು, ರಜೆ ಕೊಡಬೇಕಾದವರು, ಪ್ರಾಯೋಗಿಕ ಪರೀಕ್ಷೆಗೆ ಮುನ್ನ ಒಳ್ಳೆಯ ಮಾತು ಹೇಳಬೇಕಾದವರು ಎಲ್ಲರೂ ಅದೇ ಸಾಲಿನಲ್ಲಿದ್ದಾರೆ. ದೂರು ಕೊಡುವುದು ಯಾರಿಗೆ?

ಮುಂಬೈಯ ನಾಯರ್ ಆಸ್ಪತ್ರೆಯಲ್ಲಿ ಪ್ರಸೂತಿಶಾಸ್ತ್ರದ ಪಿಜಿ ಓದುತ್ತಿದ್ದ ಡಾ. ಪಾಯಲ್ ತಡ್ವಿ 2019ರ ಮೇ 22ರಂದು ಆತ್ಮಹತ್ಯೆ ಮಾಡಿಕೊಂಡರು. ತಡ್ವಿ ಭಿಲ್ ಆದಿವಾಸಿ ಸಮುದಾಯದ ಹೆಣ್ಣುಮಗಳು. ಮೂವರು ಹಿರಿಯ ಸಹಪಾಠಿಗಳ ಮೇಲೆ ಜಾತಿನಿಂದನೆ ಮತ್ತು ಕಿರುಕುಳದ ಆರೋಪವಿದೆ. ಮಗಳ ಕಷ್ಟವನ್ನು ಮೊದಲೇ ತಿಳಿಸಿದ್ದರೂ ಕೇಳುವವರಿರಲಿಲ್ಲ ಎಂಬುದು ತಾಯಿ ಅಬೇದಾ ತಡ್ವಿ ಅವರ ದೂರು. ಅವರು, ಆತ್ಮಹತ್ಯೆ ಮಾಡಿಕೊಂಡಿದ್ದ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ಅವರ ತಾಯಿ ರಾಧಿಕಾ ವೇಮುಲ ಜೊತೆ ಸೇರಿ ಶಿಕ್ಷಣ ಸಂಸ್ಥೆಗಳಲ್ಲಿನ ಜಾತಿ ತಾರತಮ್ಯದ ವಿರುದ್ಧ ಅದೇ ವರ್ಷ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ನಮ್ಮ ಆಸ್ಪತ್ರೆಗಳಲ್ಲಿನ ಮಾನಸಿಕ ಹಿಂಸೆಯನ್ನು ಜಾತಿಯನ್ನು ಬಿಟ್ಟು ವಿವರಿಸಲು ಹೊರಡುವುದು ಅರ್ಧ ಸತ್ಯ ಹೇಳಿದಂತೆ.

ಕೆಲಸದ ಸ್ಥಳದ ಈ ಬಗೆಯ ಹಿಂಸೆಯನ್ನು ವ್ಯವಸ್ಥಿತವಾಗಿ ಅಭ್ಯಾಸ ಮಾಡಿದವರಲ್ಲಿ ಮೊದಲಿಗ ಸ್ವೀಡನ್ನಿನ ಮನೋವಿಜ್ಞಾನಿ ಹೈಂಜ್ ಲೇಮನ್. 1980ರ ದಶಕದ ಅವರ ಕೆಲಸದ ತಿರುಳು ಸರಳವಾಗಿದೆ. ಒಂದು ದಿನದ ಜಗಳವನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ. ವಾರಕ್ಕೊಮ್ಮೆಯಾದರೂ, ಕನಿಷ್ಠ ಆರು ತಿಂಗಳು ನಡೆಯುವ ಹೀಗಳಿಕೆಯನ್ನು ಹಿಡಿದರು. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ದೊಡ್ಡದಲ್ಲ: ಮಾತಿಗೆ ಉತ್ತರಿಸದಿರುವುದು, ಸಭೆಗೆ ಕರೆಯದಿರುವುದು, ಮಾಡಿದ ಕೆಲಸವನ್ನೆಲ್ಲ ಮತ್ತೆ ಮಾಡಿಸುವುದು, ಬೆನ್ನ ಹಿಂದೆ ನಗುವುದು. ಯಾವುದನ್ನೂ ಎತ್ತಿ ತೋರಿಸಿ ‘ಇದು ಹಿಂಸೆ’ ಎನ್ನಲಾಗುವುದಿಲ್ಲ. ದೂರು ಕೊಡಲು ಹೋದವರಿಗೆ ‘ಇಷ್ಟಕ್ಕೆಲ್ಲ ಅಳ್ತೀಯಾ?’ ಎಂಬ ಉತ್ತರ ಸಿಗುವುದೂ ಅದಕ್ಕೇ.

ನರ್ಸ್‌ಗಳ ಲೋಕದಲ್ಲಿ ಇದರ ಉಪಕರಣ ಡ್ಯೂಟಿ ಪಟ್ಟಿ. ಎದುರು ಮಾತಾಡಿದವರಿಗೆ ಸಾಲುಸಾಲು ನೈಟ್. ಹಬ್ಬದ ದಿನವೇ ಡ್ಯೂಟಿ. ಕೇಳಿದ ವಾರದ ರಜೆ ಬಿಟ್ಟು ಬೇರೆ ದಿನ. ಎಲ್ಲವೂ ಆಡಳಿತದ ತೀರ್ಮಾನ, ತಪ್ಪು ಹುಡುಕುವಂತಿಲ್ಲ. ಖಾಸಗಿಯಲ್ಲಿ ಕೆಲಸಕ್ಕೆ ಸೇರುವಾಗ ಮೂಲ ಅಂಕಪಟ್ಟಿಗಳನ್ನು ಒತ್ತೆಯಿಟ್ಟುಕೊಳ್ಳುವ ಚಾಳಿ ಪೂರ್ತಿ ಹೋಗಿಲ್ಲ. ಸಂಬಳದ ಅನ್ಯಾಯ ಎಷ್ಟು ಹಳೆಯದೆಂದರೆ, ಸುಪ್ರೀಂ ಕೋರ್ಟ್ ಸೂಚನೆಯಂತೆ ರಚನೆಯಾದ ಸಮಿತಿಯೊಂದು 2016ರಲ್ಲಿ ಖಾಸಗಿ ಆಸ್ಪತ್ರೆಯ ನರ್ಸ್‌ಗಳಿಗೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಕೊಡಬೇಕೆಂದು ಶಿಫಾರಸು ಮಾಡಬೇಕಾಯಿತು. ಇನ್ನು ಗುತ್ತಿಗೆಯವರು, ಹೊರಗುತ್ತಿಗೆಯವರು. ನವೀಕರಣದ ದಿನ ಹತ್ತಿರ ಬಂದಾಗ ಅವರು ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ. ಸಾಲಿನ ಕೊನೆಯಲ್ಲಿರುವ ಆಯಾಗೆ, ವಾರ್ಡ್ ಗುಡಿಸುವ ಸ್ವಚ್ಛತಾ ಕಾರ್ಮಿಕರಿಗೆ ಎಷ್ಟೋ ಕಡೆ ಹೆಸರೂ ಇರುವುದಿಲ್ಲ. ‘ಏಯ್’ ಎಂದರೆ ತಿರುಗಿ ನೋಡಬೇಕು.

ಇದು ನಮ್ಮಲ್ಲಿ ಮಾತ್ರ ಇರುವುದಲ್ಲ. ದಕ್ಷಿಣ ಕೊರಿಯಾದ ದೊಡ್ಡ ಆಸ್ಪತ್ರೆಗಳಲ್ಲಿ ಹೊಸ ನರ್ಸ್‌ಗಳನ್ನು ಹಿರಿಯ ನರ್ಸ್‌ಗಳು ತರಬೇತಿಯ ಹೆಸರಿನಲ್ಲಿ ಗೋಳುಹೊಯ್ದುಕೊಳ್ಳುವ ಪದ್ಧತಿ ಇತ್ತು. 2018 ಮತ್ತು 2019ರ ಆರಂಭದಲ್ಲಿ ಸೋಲ್ ನಗರದ ಇಬ್ಬರು ನರ್ಸ್‌ಗಳ ಆತ್ಮಹತ್ಯೆ ದೇಶವನ್ನು ಕಲಕಿತು. 2019ರ ಜುಲೈನಲ್ಲಿ ಅಲ್ಲಿ ಕೆಲಸದ ಸ್ಥಳದ ಕಿರುಕುಳವನ್ನು ನಿಷೇಧಿಸುವ ತಿದ್ದುಪಡಿ ಕಾರ್ಮಿಕ ಕಾನೂನಿನಲ್ಲಿ ಜಾರಿಗೆ ಬಂತು. ಹಿರಿಯ ನರ್ಸ್‌ಗಳು ಕ್ರೂರಿಗಳೆಂದು ಬೈದು ಮುಗಿಸುವ ವಿಷಯ ಇದಲ್ಲ. ತನ್ನ ಪಾಲಿನ ರೋಗಿಗಳ ಜೊತೆಗೆ ಹೊಸಬರ ತರಬೇತಿಯನ್ನೂ ಹೊತ್ತ ಹಿರಿಯಾಕೆ ಉರಿದುಬೀಳುವುದರಲ್ಲಿ ಆಶ್ಚರ್ಯವಿಲ್ಲ. ಜನ ಸಾಲದ ವಾರ್ಡು ತಾನಾಗಿಯೇ ಹಿಂಸೆಯನ್ನು ಹುಟ್ಟಿಸುತ್ತದೆ.

ನಮ್ಮಲ್ಲೂ ಗಂಟೆಗಳ ಲೆಕ್ಕ ಹಾಗೆಯೇ ಇದೆ. ಕಿರಿಯ ವೈದ್ಯರ ನಿರಂತರ ಡ್ಯೂಟಿ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಮೀರಬಾರದು ಎಂದು ಕೇಂದ್ರದ ರೆಸಿಡೆನ್ಸಿ ಯೋಜನೆ ಹೇಳಿದ್ದು 1992ರಲ್ಲಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ಗಂಟೆ ಮೀರದಿರಲಿ, ವಾರಕ್ಕೊಂದು ರಜೆ ಇರಲಿ ಎಂದು ಕೇಳಿಕೊಂಡಿತು. ಮೂರು ದಶಕಗಳಲ್ಲಿ ನಾವು ಎತ್ತ ನಡೆದಿದ್ದೇವೆ ಎಂಬುದಕ್ಕೆ ಬೇರೆ ಪುರಾವೆ ಬೇಡ. ಅದೇ ಕಾರ್ಯಪಡೆಯ ಸಮೀಕ್ಷೆಯಲ್ಲಿ ಎಂಬಿಬಿಎಸ್ ವಿದ್ಯಾರ್ಥಿಗಳಲ್ಲಿ ಶೇ 27.8ರಷ್ಟು, ಪಿಜಿಗಳಲ್ಲಿ ಶೇ 15.3ರಷ್ಟು ಮಂದಿ ತಮಗೆ ಮಾನಸಿಕ ಆರೋಗ್ಯದ ತೊಂದರೆ ಇದೆಯೆಂದು ಹೇಳಿಕೊಂಡಿದ್ದರು.

ಆಸ್ಪತ್ರೆಯ ಕಾಂಪೌಂಡಿನ ಆಚೆ ಇರುವವರು ಆಶಾ ಕಾರ್ಯಕರ್ತೆಯರು. ಅವರ ವಾರ್ಡ್ ಎಂದರೆ ಇಡೀ ಊರು, ಡ್ಯೂಟಿ ರೂಮ್ ಎಂದರೆ ಬಿಸಿಲು. ಬಾಗಿಲು ಬಡಿದಾಗ ‘ಏನ್ ನಿಮ್ದು ದಿನಾ ಗೋಳು’ ಎನ್ನುವವರು, ಹೆರಿಗೆಗೆ ಕರೆದೊಯ್ದ ಬಸುರಿಗೆ ತೊಂದರೆಯಾದರೆ ‘ನಿನ್ನ ಮಾತು ಕೇಳಿ ಕೆಟ್ಟೆವು’ ಎನ್ನುವವರು, ಮೇಲಿನಿಂದ ‘ನಿನ್ನ ಏರಿಯಾದ ಎಂಟ್ರಿ ಯಾಕೆ ಬಾಕಿ’ ಎಂದು ಫೋನಿನಲ್ಲಿ ಗದರುವವರು. 2020ರ ಏಪ್ರಿಲ್ ಮೊದಲ ವಾರದಲ್ಲಿ ಕೊರೊನಾ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯನ್ನು ಬೆಂಗಳೂರಿನ ಬಡಾವಣೆಯೊಂದರಲ್ಲಿ ಜನ ಸುತ್ತುವರಿದು, ಮೊಬೈಲ್ ಕಸಿದು ಹೆದರಿಸಿದ ಸುದ್ದಿ ಎಲ್ಲರಿಗೂ ನೆನಪಿರಬಹುದು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಜಾಗತಿಕ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯಲ್ಲಿ ನಮ್ಮ ಆಶಾಗಳು ಗೌರವಧನ ಹೆಚ್ಚಿಸಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕುಳಿತಿದ್ದರು.

ವೈದ್ಯರು, ನರ್ಸ್‌ಗಳು ಬೈಸಿಕೊಂಡರೆ ನಮಗೇನು ಎನ್ನುವವರಿಗೆ ಇಸ್ರೇಲಿನ ಒಂದು ಪ್ರಯೋಗವನ್ನು ಹೇಳಬೇಕು. 2015ರಲ್ಲಿ ಪ್ರಕಟವಾದದ್ದು. ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳಲ್ಲಿ ದುಡಿಯುವವರ 24 ತಂಡಗಳಿಗೆ ಅಣಕು ಪ್ರಸಂಗವೊಂದನ್ನು ಕೊಟ್ಟರು: ದಿನ ತುಂಬದೆ ಹುಟ್ಟಿದ ಮಗುವಿನ ಕರುಳಿನ ಕಾಯಿಲೆ ಏಕಾಏಕಿ ಉಲ್ಬಣಿಸಿದೆ, ಏನು ಮಾಡುತ್ತೀರಿ? ಅವುಗಳಲ್ಲಿ ಕೆಲವು ತಂಡಗಳಿಗೆ ಶುರುವಿನಲ್ಲೇ ‘ವಿದೇಶಿ ತಜ್ಞ’ನೊಬ್ಬ ಇಲ್ಲಿನ ವೈದ್ಯಕೀಯ ಗುಣಮಟ್ಟ ತನಗೇನೂ ಹಿಡಿಸಿಲ್ಲ, ಇಂಥವರು ತನ್ನ ವಿಭಾಗದಲ್ಲಿ ಒಂದು ವಾರವೂ ಉಳಿಯಲಾರರು ಎಂಬರ್ಥದ ಮಾತಾಡಿದ. ಅಷ್ಟೇ. ಕೂಗಲಿಲ್ಲ, ಬೆದರಿಸಲಿಲ್ಲ. ಆ ತಂಡಗಳ ರೋಗನಿರ್ಣಯದ ಸರಾಸರಿ ಅಂಕ 3.2ರ ಬದಲು 2.6ಕ್ಕೆ ಇಳಿಯಿತು, ಚಿಕಿತ್ಸಾ ಕೌಶಲದ ಅಂಕ 3.3ರ ಬದಲು 2.8ಕ್ಕೆ. ಕಾರಣ ಹುಡುಕಿದಾಗ ಕಂಡದ್ದು: ಅವರು ಪರಸ್ಪರ ಮಾಹಿತಿ ಹಂಚಿಕೊಳ್ಳುವುದನ್ನು, ಸಹಾಯ ಕೇಳುವುದನ್ನು ಕಡಿಮೆ ಮಾಡಿದ್ದರು. ಬೈಸಿಕೊಂಡ ನರ್ಸ್ ‘ಸರ್, ಈ ಡೋಸ್ ಜಾಸ್ತಿ ಅಲ್ವಾ?’ ಎಂದು ಕೇಳುವುದಿಲ್ಲ. ಆ ಪ್ರಶ್ನೆ ನಿಂತುಹೋದರೆ ನಷ್ಟ ಹಾಸಿಗೆಯಲ್ಲಿ ಮಲಗಿರುವವರದು.

ಇನ್ನೊಂದು ದಾರಿಯಲ್ಲೂ ಇದು ರೋಗಿಯನ್ನು ತಲುಪುತ್ತದೆ. ರೌಂಡ್ಸ್‌ನಲ್ಲಿ ಮೆಟ್ಟಿಲಿಳಿದ ಬೈಗುಳ ಆಯಾಳ ಹತ್ತಿರ ನಿಲ್ಲುವುದಿಲ್ಲ. ಹೆರಿಗೆ ಕೋಣೆಯಲ್ಲಿ ನೋವು ತಿನ್ನುತ್ತಿರುವ ಹೆಣ್ಣಿನ ಮೇಲೆ ಬೀಳುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಹೆಂಗಸರನ್ನು ಕೇಳಿ ನೋಡಿ, ಅಲ್ಲಿ ಕಿವಿಗೆ ಬಿದ್ದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. 2017ರ ಕೊನೆಯಲ್ಲಿ ಶುರುವಾದ ಕೇಂದ್ರದ ‘ಲಕ್ಷ್ಯ’ ಕಾರ್ಯಕ್ರಮ ಗೌರವದ ಹೆರಿಗೆ ಆರೈಕೆಯನ್ನು ಗುರಿಯಾಗಿಟ್ಟುಕೊಂಡಿದೆ. ಬಾಣಂತಿಗೆ ಗೌರವ ಕೊಡು ಎಂದು ಪಾಠ ಹೇಳುವವರು, ಅದೇ ನರ್ಸನ್ನು ಹೇಗೆ ಮಾತಾಡಿಸುತ್ತಿದ್ದೇವೆ ಎಂದು ಕೇಳಿಕೊಳ್ಳುವುದಿಲ್ಲ.

ಕಾನೂನು ಇಲ್ಲವೆಂದಲ್ಲ. ವೈದ್ಯೋಪಚಾರ ಸಿಬ್ಬಂದಿಯ ಮೇಲಿನ ಹಿಂಸಾಚಾರ ತಡೆಯಲು ಕರ್ನಾಟಕ 2009ರಲ್ಲೇ ಕಾಯ್ದೆ ಮಾಡಿತು. 2024ರಲ್ಲಿ ತಿದ್ದುಪಡಿ ತಂದು ಶಿಕ್ಷೆಯನ್ನು ಬಿಗಿ ಮಾಡಿತು. ಆ ವರ್ಷ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ತರಬೇತಿ ವೈದ್ಯೆಯ ಅತ್ಯಾಚಾರ, ಕೊಲೆ ನಡೆದ ಮೇಲೆ, ಹಿಂಸೆ ನಡೆದ ಆರು ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರೇ ಎಫ್‌ಐಆರ್ ದಾಖಲಿಸಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ ಸೂಚಿಸಿತು. ಸುಪ್ರೀಂ ಕೋರ್ಟ್ ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ಕಿರುಕುಳವನ್ನೂ ಹಿಂಸೆಯೆಂದು ಬಿಡಿಸಿ ಹೇಳಿದ್ದು 2020ರ ಸಾಂಕ್ರಾಮಿಕ ರೋಗಗಳ ತಿದ್ದುಪಡಿ. ಬಾಡಿಗೆ ಮನೆಯಿಂದ ನರ್ಸ್‌ಗಳನ್ನು ಹೊರಹಾಕುತ್ತಿದ್ದ ದಿನಗಳವು. ಬದುಕಿಗೆ, ಕೆಲಸಕ್ಕೆ ಧಕ್ಕೆ ತಂದು ಕರ್ತವ್ಯಕ್ಕೆ ಅಡ್ಡಿಮಾಡುವ ಕಿರುಕುಳವನ್ನು ಅದು ಹಿಂಸೆಯ ಪಟ್ಟಿಗೆ ಸೇರಿಸಿತು. ಆದರೆ ಅದರ ಆಯಸ್ಸು ಸಾಂಕ್ರಾಮಿಕದ ಆಯಸ್ಸಿನಷ್ಟೇ.

ಈ ಎಲ್ಲ ಕಾನೂನುಗಳ ಕಲ್ಪನೆಯಲ್ಲಿ ಹಿಂಸೆ ಮಾಡುವವನು ಗೇಟಿನ ಹೊರಗಿನಿಂದ ಬರುತ್ತಾನೆ. ರೌಂಡ್ಸ್‌ನ ಮುಂದಿನ ಸಾಲಿನಲ್ಲಿ ನಡೆದು ಬರುವವರ ಬಗ್ಗೆ ಅವು ಯೋಚಿಸಿಲ್ಲ. ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ ಇದೆ, ಆಂತರಿಕ ಸಮಿತಿ ಇದೆ, ಅದರಲ್ಲಿ ಹೊರಗಿನ ಸದಸ್ಯರೊಬ್ಬರು ಇರಲೇಬೇಕು. ಜಾತಿನಿಂದನೆಗೆ ದೌರ್ಜನ್ಯ ತಡೆ ಕಾಯ್ದೆ ಇದೆ. ಇವೆರಡರ ನಡುವೆ ಬೀಳುವ ದಿನನಿತ್ಯದ ಅವಮಾನಕ್ಕೆ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. ಆ ಆಂತರಿಕ ಸಮಿತಿಯ ಮಾದರಿಯನ್ನೇ ಹಿಗ್ಗಿಸಿ, ವಿಭಾಗದ ಮುಖ್ಯಸ್ಥರ ಹಿಡಿತಕ್ಕೆ ಸಿಗದ, ಹೊರಗಿನ ಸದಸ್ಯರಿರುವ, ಗುತ್ತಿಗೆಯವರೂ ಆಶಾಗಳೂ ಹೋಗಬಹುದಾದ ಒಂದು ಜಾಗ ಮಾಡುವುದು ಕಷ್ಟದ ಕೆಲಸವೇನಲ್ಲ. ಕೆಲಸದ ಸ್ಥಳದ ಎಲ್ಲ ಬಗೆಯ ಹಿಂಸೆ, ಕಿರುಕುಳಗಳನ್ನು ಒಳಗೊಂಡ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 190ನೇ ಒಡಂಬಡಿಕೆ 2019ರ ಜೂನ್‌ನಲ್ಲಿ ಅಂಗೀಕಾರವಾಗಿ 2021ರ ಜೂನ್ 25ರಿಂದ ಜಾರಿಯಲ್ಲಿದೆ. ಭಾರತ ಅದನ್ನು ಅನುಮೋದಿಸಿಲ್ಲ. ಕಾವಲುಗಾರರು, ಸಿಸಿಟಿವಿ, ಫಲಕಗಳಿಗೆ ಹಣ ಸಿಗುವ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿಗೆ ಇನ್ನೊಬ್ಬ ನರ್ಸನ್ನು ನೇಮಿಸಲು ಹಣ ಸಿಗುವುದಿಲ್ಲ ಎಂಬುದೇ ನನಗೆ ಅರ್ಥವಾಗದ ಲೆಕ್ಕ.

ಆಸ್ಪತ್ರೆಯಲ್ಲಿ ದುಡಿಯುತ್ತಿದ್ದು ಇದನ್ನು ಓದುತ್ತಿರುವವರಿಗೆ ಒಂದು ಮಾತು: ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿ ನಡೆಯುವ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಕನ್ನಡದಲ್ಲೂ ಸಿಗುತ್ತದೆ, ನಿಮಗೂ ಅದು ಸಲ್ಲುತ್ತದೆ. ರೋಗಿಯ ಜೊತೆ ಬರುವ ಉಳಿದ ನಮಗೆಲ್ಲ ಇನ್ನೊಂದು: ಸರ್ಕಾರಿ ಆಸ್ಪತ್ರೆಯ ಬಗ್ಗೆ ದೂರಿದ್ದರೆ 104ಕ್ಕೆ ಕರೆ ಮಾಡಬಹುದು, ವೈದ್ಯಕೀಯ ಅಧೀಕ್ಷಕರಿಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಬಹುದು. ಖಾಸಗಿ ಆಸ್ಪತ್ರೆಯ ಬಿಲ್ಲು, ಚಿಕಿತ್ಸೆಯ ಬಗ್ಗೆ ತಕರಾರಿದ್ದರೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರ ಪ್ರತಿ ಜಿಲ್ಲೆಯಲ್ಲೂ ಇದೆ. ದಯವಿಟ್ಟು ಅಲ್ಲಿ ಕೇಳಿ, ಗಟ್ಟಿಯಾಗಿಯೇ ಕೇಳಿ. ವಾರ್ಡಿನಲ್ಲಿ ನಿಂತಿರುವ ಸಿಸ್ಟರಿಗೆ ನಿಮ್ಮ ಬಿಲ್ಲಿನ ಒಂದು ರೂಪಾಯಿಯನ್ನೂ ಬಿಡುವ ಅಧಿಕಾರ ಇಲ್ಲ.